ಇತರೆ ಕಾಲಂನವಳು

"ಆ ಮಣಿ ಎತ್ತಬೇಡಿ. ಕೈ ತೆಗೀರಿ ಅಂದೆ!"

"ಆಂಟಿ, ಸ್ವಲ್ಪ ಸುಮ್ನಿರಿ. ಇದು ಮನೆಯವರಿಗೆ ಮಾತ್ರ."

"ಅಜ್ಜಿ ಇಟ್ಟಿದ್ದು ಅದು. ನೀವು ಇಟ್ಟಿದ್ದಲ್ಲ."

"ಅವರಿಗೆ ಪ್ರಶ್ನೆ ಅರ್ಥ ಆಗಿಲ್ಲ ಅನ್ಸುತ್ತೆ."

"ಬಿದ್ದಿರೋದು ಅವರ ಕೈಕಾಲು ಕಣಮ್ಮ, ತಲೆ ಅಲ್ಲ. ಅದು ನಿಮ್ಮದಕ್ಕಿಂತ ನೆಟ್ಟಗಿದೆ."

ನನ್ನ ಬಾಯಿ ದೊಡ್ಡದು. ಅಜ್ಜಿಯ ಕೋಣೆಯಲ್ಲಿ ಯಾರೂ ಕೂಗಾಡಬಾರದು ಎಂದು ನಿಯಮ ಮಾಡಿದವಳು ನಾನೇ. ಅವತ್ತು ಮುರಿದವಳೂ ನಾನೇ.

ಬಂದಿದ್ದವಳು ಸಂಶೋಧನೆಯ ಹುಡುಗಿ. ಮೂವತ್ತು ದಾಟಿರಲಿಲ್ಲ. ನಾನು ಅವಳಿಗೆ ಇಟ್ಟ ಹೆಸರು ಮಣಿ ಮೇಡಂ. ಮುದುಕರಿರುವ ಮನೆಗಳಿಗೆ ಹೋಗುವುದು, ಮಕ್ಕಳನ್ನು ಇಟ್ಟುಕೊಂಡಿರುವ ಸಂಸ್ಥೆಗಳಿಗೆ ಹೋಗುವುದು, ಒಂದು ಕುಟುಂಬದಲ್ಲಿ ಯಾರು ಯಾರಿಗೆ ಎಷ್ಟು ಬೇಕಾದವರು ಎಂದು ಅಳೆಯುವುದು ಅವಳ ಕೆಲಸ. ಅಳತೆಗೆ ಒಂದು ತಗಡಿನ ಡಬ್ಬಿ, ಅದರ ತುಂಬ ಬಣ್ಣದ ಮಣಿ, ಒಂದು ದೊಡ್ಡ ಹಾಳೆ. ಹಾಳೆಯಲ್ಲಿ ಒಂದರೊಳಗೊಂದು ಮೂರು ಸುತ್ತು. ನಡುವೆ ಒಂದು ಚುಕ್ಕಿ. ಚುಕ್ಕಿ ಎಂದರೆ ಅಜ್ಜಿ. ತೀರಾ ಬೇಕಾದವರ ಮಣಿ ಒಳಗಿನ ಸುತ್ತಿಗೆ, ಅಷ್ಟಕ್ಕಷ್ಟೇ ಇರುವವರ ಮಣಿ ಹೊರಗಿನ ಸುತ್ತಿಗೆ.

ಅಜ್ಜಿಗೆ ಎಂಬತ್ತೆರಡು. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಎಡಭಾಗ ಹೋಗಿದೆ. ಮಾತೂ ಹೋಗಿದೆ. ಉಳಿದಿರುವುದು ನಾಲ್ಕೇ ಪದ. ಬೇಡ, ಸಾಕು, ಅಯ್ಯೋ, ಶನಿ. ಕೊನೆಯದು ನನಗೆ. ಬಿಸಿನೀರು ತಂದರೆ ಶನಿ, ದಿಂಬು ಸರಿ ಮಾಡಿದರೆ ಶನಿ, ಒಂದು ದಿನ ತಡವಾಗಿ ಬಂದರೆ ಕಣ್ಣಲ್ಲಿ ನೀರು ಹಾಕಿಕೊಂಡು ಶನಿ.

ಮಣಿ ಮೇಡಂ ಡಬ್ಬಿ ಮುಂದೆ ಹಿಡಿದಾಗ ಅಜ್ಜಿ ಬಲಗೈಯಿಂದ ಬಹಳ ಹೊತ್ತು ಕೆದಕಿದಳು. ದಪ್ಪನೆಯ ಒಂದು ಕೆಂಪು ಮಣಿ ಆರಿಸಿ, ಚುಕ್ಕಿಯ ಮೇಲೆಯೇ ಇಟ್ಟು, ಹೆಬ್ಬೆರಳಿನಿಂದ ಒತ್ತಿದಳು.

"ಇದು ಯಾರು ಅಜ್ಜಿ?"

"ಶನಿ."

"ಶನಿ ಅಂದ್ರೆ?"

"ನಾನು" ಅಂದೆ ನಾನು.

ಜಗಳ ಶುರುವಾಗಿದ್ದು ಅಲ್ಲಿ. ಸಂಬಳಕ್ಕೆ ಬಂದವರು ಸುತ್ತಿನೊಳಗೆ ಬರುವ ಹಾಗಿಲ್ಲವಂತೆ. ಹಾಳೆಯ ಕೆಳಗೆ 'ಇತರೆ' ಎಂದು ಒಂದು ಕಾಲಂ ಇದೆಯಂತೆ. ವೈದ್ಯರು, ಔಷಧಿ ಅಂಗಡಿಯವನು, ನಾನು, ಎಲ್ಲ ಅದರೊಳಗೆ.

ಅಜ್ಜಿಯ ಮಗಳು ಬಾಗಿಲಲ್ಲಿ ನಿಂತಿದ್ದಳು. ನಾನು ಅವಳನ್ನು ಅಕ್ಕ ಅನ್ನುತ್ತೇನೆ. ಐವತ್ತೈದರ ಹೆಂಗಸು, ದೊಡ್ಡ ಕಚೇರಿಯಲ್ಲಿ ದೊಡ್ಡ ಕುರ್ಚಿ. ಕೋಣೆಯೊಳಗೆ ಬರುವುದು ಕಡಿಮೆ. ವಾಸನೆಗೆ ತಲೆನೋವು ಬರುತ್ತದಂತೆ.

"ಯಾಕೆ ರಂಪ? ಅಮ್ಮ ಏನೇನೋ ಅಂತಿರ್ತಾರೆ" ಅಂದಳು ಅಕ್ಕ. "ಅದು ನಾನೇ ಇರ್ಬೇಕು. ಮಗಳು ಅಂತ ಬರ್ಕೊಳ್ಳಿ."

ಮಣಿ ಮೇಡಂ ನನ್ನ ಮುಖ ನೋಡಲಿಲ್ಲ. ಕೈಯಲ್ಲಿದ್ದ ಕೆಂಪು ಮಣಿಯನ್ನು ಮತ್ತೆ ಅದೇ ಜಾಗದಲ್ಲಿ ಇಟ್ಟಳು. ಪಕ್ಕದಲ್ಲಿ ಪೆನ್ಸಿಲಿನಿಂದ 'ಮಗಳು' ಎಂದು ಬರೆದಳು. ಫೋಟೊ ತೆಗೆದಳು. ಮಣಿ ಡಬ್ಬಿಗೆ ಹೋಯಿತು.

"ಬೇಡ" ಅಂದಳು ಅಜ್ಜಿ. "ಬೇಡ. ಬೇಡ."

"ಸಾಕಾಯ್ತಾಮ್ಮ? ಆಯ್ತು, ಮಲ್ಕೋ" ಎಂದು ಅಕ್ಕ ಹೊರಟುಹೋದಳು.

ನನ್ನ ಕೆಲಸ ಏನು ಅಂತ ಹೇಳಬೇಕು. ಸಂಜೆ ಆರಕ್ಕೆ ಬರುತ್ತೇನೆ, ಬೆಳಿಗ್ಗೆ ಹತ್ತಕ್ಕೆ ಹೋಗುತ್ತೇನೆ. ಹಗಲಿಗೆ ಬೇರೆ ಹೆಂಗಸು. ರಾತ್ರಿ ಎರಡು ಗಂಟೆಗೊಂದು ಸಲ ಅಜ್ಜಿಯನ್ನು ಮಗ್ಗುಲು ಬದಲಾಯಿಸಬೇಕು. ಇಲ್ಲದಿದ್ದರೆ ಬೆನ್ನಿನ ಚರ್ಮ ಕಿತ್ತು ಹುಣ್ಣಾಗುತ್ತದೆ. ಒಂದು ಕೈ ಭುಜದ ಕೆಳಗೆ, ಒಂದು ಕೈ ಸೊಂಟದ ಕೆಳಗೆ, ನನ್ನ ಮೊಣಕಾಲು ಮಂಚದ ಅಂಚಿಗೆ. ಎಳೆಯಬಾರದು. ಹೊರಳಿಸಬೇಕು. ಅಜ್ಜಿ ಒಣಗಿದ್ದಾಳೆ, ಆದರೂ ಸತ್ತ ಎಡಭಾಗದ ಭಾರ ಬೇರೆಯೇ. ನನ್ನ ಸೊಂಟದ ಎಡಗಡೆ ಒಂದು ಮೂಳೆ ಮೂರು ವರ್ಷದಿಂದ ಕಟಕಟ ಅನ್ನುತ್ತದೆ. ಮಲ ಕಟ್ಟಿಕೊಂಡರೆ ಬೆರಳು ಹಾಕಿ ತೆಗೆಯುತ್ತೇನೆ. ಹಲ್ಲಿಲ್ಲದ ಬಾಯಿಯನ್ನು ಬಟ್ಟೆಯಿಂದ ಒರೆಸುತ್ತೇನೆ. ಮೊದಮೊದಲು ಊಟಕ್ಕೆ ಕೂತರೆ ಕೈ ನೋಡಿಕೊಳ್ಳುತ್ತಿದ್ದೆ. ಈಗ ನೋಡಿಕೊಳ್ಳುವುದಿಲ್ಲ.

ಇಷ್ಟರ ಮೇಲೆ ಒಂದು ದಿನಚರಿ. ಅದೂ ಸಂಶೋಧನೆಯದೇ. ರೋಗಿಯನ್ನು ನೋಡಿಕೊಳ್ಳುವ 'ಕುಟುಂಬ ಸದಸ್ಯರು' ಗಂಟೆಗಂಟೆಗೆ ಮಾಡಿದ್ದನ್ನು ಬರೆಯಬೇಕು. ಅಕ್ಕ ಅದನ್ನು ನನ್ನ ಕೈಗೆ ಕೊಟ್ಟು, "ನಿನ್ನ ಅಕ್ಷರ ದುಂಡಗಿದೆ, ಬರೆದುಬಿಡು. 'ನಾನು' ಅಂತಲೇ ಬರೆ" ಅಂದಿದ್ದಳು. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೆಯವರೆಗೆ. ಅಕ್ಷರ ಸೊಟ್ಟ ಆದರೆ ಮೇಷ್ಟ್ರು ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು. ಆ ಏಟಿನ ಲಾಭ ಅಕ್ಕನಿಗೆ. ನಾನು ಬರೆದೆ. ಪ್ರತಿ ಪುಟದ ಕೆಳಗೆ ಅಕ್ಕನ ಸಹಿ. ತಿಂಗಳಿಗೊಂದು ಪುಸ್ತಕ ಮಣಿ ಮೇಡಂ ಜೊತೆ ಹೋಗುತ್ತಿತ್ತು.

ಅವತ್ತು ಡಬ್ಬಿ ಮುಚ್ಚುತ್ತಾ ಮಣಿ ಮೇಡಂ ಸಮಾಧಾನ ಹೇಳಲು ಬಂದಳು.

"ಬೇಜಾರು ಮಾಡ್ಕೋಬೇಡಿ ಆಂಟಿ. ನಿಯಮ ನಾನು ಮಾಡಿದ್ದಲ್ಲ. ಮಕ್ಕಳ ಮನೇಲೂ ಇದನ್ನೇ ಮಾಡಿಸ್ತೀವಿ."

"ಯಾವ ಮಕ್ಕಳ ಮನೆ?"

"ಕಾಲುವೆ ದಾಟಿದ ಮೇಲೆ ಸಿಗುತ್ತಲ್ಲ, ಹಳದಿ ಗೋಡೆ."

ಮಂಚ ಹಿಡಿದುಕೊಂಡೆ.

ಆ ಹಳದಿ ಗೋಡೆಯ ಒಳಗೆ ನನ್ನ ಮಗು ಇದೆ. ತಂಗಿಯ ಮಗಳು. ತಂಗಿ ಸತ್ತಾಗ ಮಗುವಿಗೆ ಎರಡು ವರ್ಷ. ತಂದೆ ಅನ್ನಿಸಿಕೊಂಡವನು ಅದಕ್ಕೆ ಮೊದಲೇ ಕಾಲು ಕಿತ್ತಿದ್ದ. ನನಗೆ ಮದುವೆ ಇಲ್ಲ, ಮಕ್ಕಳಿಲ್ಲ. ಆರು ವರ್ಷ ನನ್ನ ಪಕ್ಕದಲ್ಲೇ ಬೆಳೆದಳು. ನಾನು ಅವಳಿಗೆ ದೊಡ್ಡಮ್ಮ, ಅವಳು ನನಗೆ ಪುಟ್ಟಿ. ಸಂಜೆ ಅಡುಗೆ ಮಾಡಿಟ್ಟು, ತಲೆ ಬಾಚಿ, ಹೊರಗಿನಿಂದ ಬೀಗ ಹಾಕಿ, ಬೀಗದ ಕೈಯನ್ನು ಎದುರಿನ ದರ್ಜಿಯ ಅಂಗಡಿಯಲ್ಲಿ ಕೊಟ್ಟು ಬರುತ್ತಿದ್ದೆ. ತಪ್ಪು. ಗೊತ್ತಿತ್ತು. ಬೇರೆ ದಾರಿ ಗೊತ್ತಿರಲಿಲ್ಲ. ಯಾರೋ ಫೋನ್ ಮಾಡಿದರು. ಮಕ್ಕಳ ಕಲ್ಯಾಣ ಸಮಿತಿಯವರು ಬಂದರು. ರಾತ್ರಿ ಒಂಟಿ ಮಗು, ಹೊರಗಿನಿಂದ ಬೀಗ, ಎಂದು ಬರೆದುಕೊಂಡು ಕರೆದುಕೊಂಡು ಹೋದರು. ಐದು ತಿಂಗಳಾಯಿತು. ಭಾನುವಾರ ಎರಡರಿಂದ ನಾಲ್ಕು ನೋಡಬಹುದು.

ಈ ಮನೆಯ ಮುದುಕಿ ರಾತ್ರಿ ಒಂಟಿಯಾಗಬಾರದೆಂದು ನನ್ನ ಮಗು ರಾತ್ರಿ ಒಂಟಿಯಾಗಿತ್ತು. ಇಷ್ಟೇ ವಿಷಯ. ಇದನ್ನು ಬರೆಯಲು ಯಾವ ಹಾಳೆಯಲ್ಲೂ ಜಾಗವಿಲ್ಲ.

"ಅಲ್ಲಿ ಎಂಟು ವರ್ಷದ ಒಬ್ಬಳಿದ್ದಾಳೆ" ಅಂದೆ. "ಮುಂದಿನ ಹಲ್ಲು ಮುರಿದಿದೆ. ಅವಳು ದೊಡ್ಡಮ್ಮನ ಮಣಿ ಎಲ್ಲಿಟ್ಲು?"

ಮಣಿ ಮೇಡಂ ಚೀಲದ ದಾರ ಎಳೆಯುತ್ತಾ ನಿಂತಳು.

"ಹೇಳಿ. ಯಾವ ಸುತ್ತು?"

"ನಾನು ಹೇಳೋ ಹಾಗಿಲ್ಲ ಆಂಟಿ."

"ಹೊರಗಿನ ಸುತ್ತಾ? ಆದ್ರೂ ಪರವಾಗಿಲ್ಲ, ಹೇಳಿ."

"ಇಟ್ಟೇ ಇಲ್ಲ" ಅಂದಳು ಮೆಲ್ಲಗೆ. "ಸತ್ತ ಅಮ್ಮನ್ನ ಇಟ್ಟಿದ್ದಾಳೆ. ದರ್ಜಿ ಅಣ್ಣನ್ನ ಇಟ್ಟಿದ್ದಾಳೆ. ನೀವಿಲ್ಲ. ಹಾಳೆ ಸಮಿತಿಗೆ ಹೋಗಿದೆ."

ಆ ಮೇಲಿನ ಮೂರು ದಿನ ಬೆಳಿಗ್ಗೆ ನನ್ನ ಬಾಡಿಗೆ ಕೋಣೆಗೆ ಹೋಗಿ ಚಾಪೆಯ ಮೇಲೆ ಕೂರುತ್ತಿದ್ದೆ. ಒಂದು ತಟ್ಟೆ ತೊಳೆದರೆ ತೊಳೆಯುವ ಕೆಲಸ ಮುಗಿಯುತ್ತಿತ್ತು. ಗೋಡೆಗೆ ಆಚೆ ಮನೆಯವರು ಮಕ್ಕಳಿಗೆ ಬೈಯುವುದು ಕೇಳುತ್ತಿತ್ತು. ಬೈಯಲು ಒಂದು ಮಗು ಇರುವುದು ಎಷ್ಟು ದೊಡ್ಡದು ಎಂದು ಅವರಿಗೇನು ಗೊತ್ತು. ನಾನು ಪುಟ್ಟಿಗೆ ಒಂದೇ ಒಂದು ಸಲ ಹೊಡೆದಿದ್ದೆ, ಸ್ಟೌ ಮುಟ್ಟಿದ್ದಕ್ಕೆ. ಅದನ್ನು ನೆನಪಿಟ್ಟುಕೊಂಡಳಾ? ಬೀಗ ಹಾಕಿದ್ದನ್ನಾ? ಹೀಗೆಯೇ ಲೆಕ್ಕ ಹಾಕುತ್ತಾ ಕೂತಿರುತ್ತಿದ್ದೆ. ಆರಕ್ಕೆ ಎದ್ದು ಹೋಗಿ ಅಜ್ಜಿಯನ್ನು ಹೊರಳಿಸುತ್ತಿದ್ದೆ.

ಭಾನುವಾರ ಹಳದಿ ಗೋಡೆಯ ಒಳಗೆ ಬೆಂಚಿನ ಮೇಲೆ ಪುಟ್ಟಿ ಬಂದು ಕೂತಳು. ತಲೆಗೂದಲು ಕತ್ತರಿಸಿದ್ದರು. ಮೇಲ್ವಿಚಾರಕಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡಿದ್ದಳು. ನಾನು ಹೇಗಿದ್ದೀಯ ಅಂತ ಕೇಳಬೇಕಿತ್ತು. ಕೇಳಲಿಲ್ಲ.

"ನನ್ನ ಮಣಿ ಯಾಕೆ ಇಡ್ಲಿಲ್ಲ?"

ಪುಟ್ಟಿ ಕಾಲು ಅಲ್ಲಾಡಿಸುವುದನ್ನು ನಿಲ್ಲಿಸಿದಳು.

"ನಾನೇನು ಮಾಡಿದ್ದೆ ನಿಂಗೆ? ದರ್ಜಿ ನಿಂಗೆ ನನಗಿಂತ ಹೆಚ್ಚಾ? ಬಾಯಿ ಬಿಡು!"

"ದೊಡ್ಡಮ್ಮ, ಮೆಲ್ಲಗೆ."

ಅವಳು ಮೇಲ್ವಿಚಾರಕಿಯ ಕಡೆ ನೋಡಿದಳು. ನನ್ನ ಕೈ ಹಿಡಿದು ತನ್ನ ಲಂಗದ ಅಂಚಿಗೆ ಒತ್ತಿದಳು. ಮಡಿಕೆಯೊಳಗೆ ಏನೋ ಗಟ್ಟಿಯಾಗಿ ಸಿಕ್ಕಿತು. ಕಡಲೆಯಷ್ಟು. ಮೇಲೆ ದಪ್ಪ ದಪ್ಪ ಹೊಲಿಗೆ. ದರ್ಜಿ ಕಲಿಸಿದ್ದ ಹೊಲಿಗೆ.

"ಇಟ್ಟಿದ್ರೆ ಡಬ್ಬಿಗೆ ಹಾಕ್ಕೊಂಡು ಹೋಗಿಬಿಡ್ತಿದ್ರು" ಅಂದಳು ಕಿವಿಯಲ್ಲಿ. "ಎಲ್ಲರ ಮಣೀನೂ ವಾಪಸ್ ಹಾಕ್ಕೊಂಡ್ರು. ನಾನು ನಿನ್ನನ್ನ ಬಾಯಲ್ಲಿ ಇಟ್ಕೊಂಡಿದ್ದೆ. ಎಣಿಸೋವಾಗ ಉಸಿರೂ ಬಿಡ್ಲಿಲ್ಲ. ಹೇಳ್ಬೇಡ ಆಯ್ತಾ? ಇಲ್ಲಿ ಕದ್ದವರನ್ನ ಬೇರೆ ರೂಮಿಗೆ ಹಾಕ್ತಾರೆ."

ನಾನು ಅವಳ ಮುಂಡನ ಮಾಡಿದಂತಿದ್ದ ತಲೆಯನ್ನು ಎದೆಗೆ ಒತ್ತಿಕೊಂಡೆ. ಹೊರಗೆ ಬಂದು ಕಾಲುವೆಯ ಕಟ್ಟೆಯ ಮೇಲೆ ಕೂತು ಅತ್ತೆ. ಆಮೇಲೆ ಸಿಟ್ಟು ಬಂತು. ಮಗು ನನ್ನನ್ನು ಬಾಯಲ್ಲಿ ಬಚ್ಚಿಟ್ಟುಕೊಂಡಿದೆ. ಅದನ್ನು ಹೇಳಿದರೆ ಕಳ್ಳಿ ಎಂದು ಬರೆಯುತ್ತಾರೆ. ಹೇಳದಿದ್ದರೆ ನಾನು ಅವಳಿಗೆ ಯಾರೂ ಅಲ್ಲ ಎಂದು ಬರೆಯುತ್ತಾರೆ.

ಸೋಮವಾರ ಬೆಳಿಗ್ಗೆ ಅಕ್ಕನ ಮುಂದೆ ನಿಂತೆ.

"ಅಕ್ಕ, ನಾಳೆ ಸಮಿತಿ ಕರೆದಿದೆ. ನನ್ನನ್ನ ಹಗಲು ಪಾಳಿಗೆ ಹಾಕಿ. ಒಂದು ಕಾಗದ ಬರೆದುಕೊಡಿ. ರಾತ್ರಿ ಮನೇಲಿರ್ತೀನಿ ಅಂತ ಇದ್ರೆ ಸಾಕು, ಮಗೂನ ಕೊಡ್ತಾರೆ."

"ಹಗಲಿನವಳು ರಾತ್ರಿ ಬರಲ್ಲ ಕಣೆ. ಅವಳಿಗೆ ಗಂಡ ಮಕ್ಕಳು ಇದ್ದಾರೆ. ಅವಳು ಸಂಸಾರಸ್ಥೆ."

"ನಂಗೂ ಇದ್ದಾಳಲ್ಲಕ್ಕ."

"ತಂಗಿ ಮಗಳು ಅಂದ್ರೆ ಮಗಳಾಗ್ತಾಳಾ? ಅಲ್ಲಿ ಊಟ ಕೊಡ್ತಾರೆ, ಬಟ್ಟೆ ಕೊಡ್ತಾರೆ, ಓದಿಸ್ತಾರೆ. ನಿನ್ನ ಹತ್ರ ಏನಿದೆ ಅವಳಿಗೆ ಕೊಡೋಕೆ? ಸುಮ್ನೆ ತಲೆ ಕೆಡಿಸ್ಕೋಬೇಡ. ಅಮ್ಮನ ಉಗುರು ಬೆಳೆದಿದೆ ನೋಡು."

ಅಜ್ಜಿಯ ಉಗುರು ಕತ್ತರಿಸಿದೆ. ಮರುದಿನ ಕಾಗದವಿಲ್ಲದೆ ಸಮಿತಿಗೆ ಹೋದೆ.

ಉದ್ದದ ಮೇಜು, ಮೂರು ಕುರ್ಚಿ. ನಡುವಿನ ಕುರ್ಚಿಯಲ್ಲಿ ಅಧ್ಯಕ್ಷೆ. ಎಡಗಡೆ ಬರೆದುಕೊಳ್ಳುವವನು. ಬಲಗಡೆ ಕನ್ನಡಕದ ಹಿರಿಯರು. ನನಗೆ ಕುರ್ಚಿ ಇರಲಿಲ್ಲ.

"ಮಗುವಿಗೆ ನೀವು ಏನಾಗಬೇಕು?"

"ದೊಡ್ಡಮ್ಮ."

"ಇತರೆ ಅಂತ ಹಾಕಿ" ಅಂದಳು ಅಧ್ಯಕ್ಷೆ ಬರೆಯುವವನಿಗೆ.

"ದೊಡ್ಡಮ್ಮ ಅಂತಾನೇ ಹಾಕಿ. ತಾಯಿಯ ಅಕ್ಕ. ನಮ್ಮ ಕಡೆ ತಾಯಿಗಿಂತ ದೊಡ್ಡವಳು ಅಂತ ಅರ್ಥ."

"ಅದಕ್ಕೆ ಕಾಲಂ ಇಲ್ಲಮ್ಮ. ಸಂಬಂಧದ ಹಾಳೇಲಿ ಮಗು ನಿಮ್ಮನ್ನ ಇಟ್ಟೇ ಇಲ್ವಲ್ಲ, ಯಾಕೆ?"

ಬಾಯಿವರೆಗೆ ಬಂತು. ನುಂಗಿದೆ. ಜೀವನದಲ್ಲಿ ಅಷ್ಟು ಕಷ್ಟದ್ದು ಬೇರೇನೂ ನುಂಗಿಲ್ಲ.

"ಗೊತ್ತಿಲ್ಲ" ಅಂದೆ.

"ನೋಡಿದ್ರಾ" ಅಂದಳು ಅಧ್ಯಕ್ಷೆ ಪಕ್ಕದವರಿಗೆ.

ಕನ್ನಡಕದವರು ಮೃದುವಾದ ಮನುಷ್ಯ. ಬುದ್ಧಿ ಹೇಳುವ ಖುಷಿಯಿಂದ ಒಂದು ಕಡತ ತೆಗೆದರು. "ನೋಡಮ್ಮ, ನೋಡಿಕೊಳ್ಳೋದು ಅಂದ್ರೆ ಅಡುಗೆ ಮಾಡಿಟ್ಟು ಹೋಗೋದಲ್ಲ. ಇದೇ ಸಂಶೋಧನೆಯವರು ನಮಗೆ ಮಾದರಿ ಅಂತ ಒಬ್ಬ ಮಗಳ ದಿನಚರಿ ಕೊಟ್ಟಿದ್ದಾರೆ. ಕೇಳು. 'ಎರಡು ಗಂಟೆಗೆ ಅಮ್ಮನನ್ನು ಎಡಕ್ಕೆ ಹೊರಳಿಸಿದೆ. ಕೆಟ್ಟ ಕನಸು ಬಿದ್ದಿರಬೇಕು, ಹೆಬ್ಬೆರಳು ಹಿಡಿದುಕೊಂಡರು. ನಾಲ್ಕರವರೆಗೆ ಬಿಡಿಸಿಕೊಳ್ಳಲಿಲ್ಲ. ಬಿಡಿಸಿಕೊಂಡಿದ್ದರೆ ಎಚ್ಚರವಾಗುತ್ತಿತ್ತು.' ಇದು ಸಂಬಂಧ. ಇಂಥವರನ್ನ ನೋಡಿ ಕಲೀಬೇಕು."

"ಅದು ನಾನು" ಅಂದೆ.

"ಏನು?"

"ಅದು ನನ್ನ ಹೆಬ್ಬೆರಳು. ನಾನೇ ಬರೆದದ್ದು. ಮಗಳು ಆ ಕೋಣೆಯಲ್ಲಿ ಮಲಗಿದ್ದೇ ಇಲ್ಲ. ಕಾಗದ ಕೊಡಿ, ಬರೆದು ತೋರಿಸ್ತೀನಿ."

ಕೊಟ್ಟರು. ನಿಂತುಕೊಂಡೇ ಮೇಜಿನ ಮೇಲೆ ಬಗ್ಗಿ, ಆ ನಾಲ್ಕು ಸಾಲು ಬರೆದೆ. ಮೂವರೂ ಎರಡು ಕಾಗದವನ್ನು ಪಕ್ಕಪಕ್ಕ ಇಟ್ಟು ನೋಡಿದರು. ಅದೇ ದುಂಡಕ್ಷರ. ನನ್ನ ಎದೆ ಉಬ್ಬಿತು. ಈಗ ಗೊತ್ತಾಯಿತಲ್ಲ, ನಾನು ಯಾರು, ನನಗೆ ಏನು ಬರುತ್ತದೆ ಎಂದು.

ಕನ್ನಡಕದವರು ಕಡತವನ್ನು ಅಧ್ಯಕ್ಷೆಯ ಕಡೆ ತಳ್ಳಿದರು. ಅಧ್ಯಕ್ಷೆ ಪುಟ ತಿರುವಿದಳು. "ಇದು ಎಷ್ಟನೇ ತಾರೀಖು? ಮಗುವನ್ನ ಕರೆದುಕೊಂಡು ಬರೋದಕ್ಕೆ ಹಿಂದಿನ ತಿಂಗಳು, ಅಲ್ವಾ?"

"ಹೌದು."

"ಇಡೀ ತಿಂಗಳು, ಪ್ರತಿ ರಾತ್ರಿ?"

"ಒಂದು ರಾತ್ರಿನೂ ತಪ್ಪಿಸಿಲ್ಲ" ಅಂದೆ. ಹೆಮ್ಮೆಯಿಂದಲೇ ಅಂದೆ.

ಅವಳು ಬರೆಯುವವನ ಕಡೆ ತಿರುಗಿದಳು. "ಬರ್ಕೊಳ್ಳಿ. ಅರ್ಜಿದಾರಳು ಪ್ರತಿ ರಾತ್ರಿ ಮನೆಯಿಂದ ಹೊರಗಿರುತ್ತಿದ್ದುದು ಆಕೆಯ ಸ್ವಂತ ಬರಹದಿಂದಲೇ ದೃಢಪಟ್ಟಿದೆ."

ಪೆನ್ನು ಸರಸರ ಓಡಿತು. ಮುಂದಿನ ಮಂಗಳವಾರದೊಳಗೆ ರಾತ್ರಿ ಮನೆಯಲ್ಲಿರುವುದಕ್ಕೆ ಆಧಾರ ತರಬೇಕು. ಇಲ್ಲದಿದ್ದರೆ ಪುಟ್ಟಿಯನ್ನು ಬೇರೆ ಊರಿನ ಯಾವುದೋ ಕುಟುಂಬಕ್ಕೆ ಕೊಡುತ್ತಾರೆ. ಭಾನುವಾರದ ಎರಡು ಗಂಟೆಯೂ ಇರುವುದಿಲ್ಲ.

ಸಂಜೆ ಐದೂವರೆಗೆ ಕೆಲಸದ ಮನೆಗೆ ಹೋದೆ. ಸುದ್ದಿ ನನಗಿಂತ ಮುಂಚೆ ತಲುಪಿತ್ತು. ಸಮಿತಿಯಿಂದ ತಿಳಿದು ಮಣಿ ಮೇಡಂ ಫೋನ್ ಮಾಡಿದ್ದಳಂತೆ. ಹಗಲಿನವಳು ಆಗಲೇ ಹೊರಟಿದ್ದಳು. ಅಕ್ಕ ಅಜ್ಜಿಯ ಕೋಣೆಯೊಳಗೇ ಕಾಯುತ್ತಿದ್ದಳು. ಮೂಗಿಗೆ ಕರವಸ್ತ್ರ.

"ನಮ್ಮ ಮಾನ ಹರಾಜು ಹಾಕಿ ಬಂದ್ಯಾ? ನಾನು ನನ್ನ ತಾಯೀನ ನೋಡ್ಕೊಳ್ಳಲ್ಲ ಅಂತ ಊರೆಲ್ಲ ಹೇಳ್ಕೊಂಡು ಬಂದ್ಯಾ?"

"ನಾನು ನೋಡ್ಕೊಳ್ತೀನಿ ಅಂತ ಹೇಳ್ದೆ. ನೀವು ನೋಡ್ಕೊಳ್ಳಲ್ಲ ಅಂತ ಅವರೇ ತಿಳ್ಕೊಂಡಿದ್ರೆ ನಾನೇನು ಮಾಡ್ಲಿ?"

"ನಾಲಗೆ ನೋಡು. ಅಮ್ಮನ ಮುಖ ನೋಡ್ಕೊಂಡು ಸುಮ್ನಿದ್ದೀನಿ. ಹೋಗಿ ಕೈ ತೊಳ್ಕೊಂಡು ಬಾ, ಅಮ್ಮನ್ನ ಮಗ್ಗುಲು ಬದಲಾಯಿಸ್ಬೇಕು."

"ನೀವು ಬದಲಾಯಿಸಿ."

ಅಕ್ಕನಿಗೆ ಕೇಳಿಸಲಿಲ್ಲವೇನೋ. "ಏನಂದೆ?"

"ನೀವು ಬದಲಾಯಿಸಿ ಅಂದೆ. ಇಲ್ಲಿ ಬನ್ನಿ. ಕರವಸ್ತ್ರ ಕೆಳಗಿಡಿ, ಎರಡೂ ಕೈ ಬೇಕು. ಒಂದು ಕೈ ಭುಜದ ಕೆಳಗೆ. ಇನ್ನೊಂದು ಸೊಂಟದ ಕೆಳಗೆ. ಮಂಚಕ್ಕೆ ಮೊಣಕಾಲು ಕೊಡಿ. ಎಳೀಬೇಡಿ. ಎಳೆದ್ರೆ ಚರ್ಮ ಕಿತ್ತು ಬರುತ್ತೆ. ಹೊರಳಿಸಿ."

"ನಂಗೆ ಬೆನ್ನು ನೋವು."

"ನಂಗೂ ಬೆನ್ನು ನೋವು. ಮೂರು ವರ್ಷದಿಂದ. ಇವತ್ತಿನಿಂದ ರಾತ್ರಿ ನಾನಿರಲ್ಲ. ಹೊರಳಿಸಿ."

"ನೀನು ಹೋದ್ರೆ ರಾತ್ರಿ ಯಾರು?"

"ಮಗಳು" ಅಂದೆ. "ಕಾಗದದ ಮೇಲೆ ನೀವೇ ಬರೆಸಿದ್ದೀರಲ್ಲ."

ಅಕ್ಕನ ಮುಖ ಕೆಂಪಾಯಿತು, ಆಮೇಲೆ ಬಿಳುಚಿತು. ದನಿ ಇಳಿಯಿತು. "ನೋಡು, ಹಗಲು ಪಾಳಿ ಯೋಚನೆ ಮಾಡೋಣ. ಮುಂದಿನ ತಿಂಗಳು. ಬೇರೆ ಯಾರಾದ್ರೂ ಸಿಕ್ಕ ಮೇಲೆ. ಈಗ ಅಮ್ಮನ್ನ ಬಿಟ್ಟು ಹೋಗ್ಬೇಡ. ಅವಳು ಏನು ತಪ್ಪು ಮಾಡಿದ್ದಾಳೆ?"

ಅಜ್ಜಿ ಏನೂ ತಪ್ಪು ಮಾಡಿರಲಿಲ್ಲ. ಪುಟ್ಟಿಯೂ ಮಾಡಿರಲಿಲ್ಲ. ಆದರೆ ನನಗೆ ಇರುವುದು ಒಂದೇ ರಾತ್ರಿ. ಅದನ್ನು ಇಬ್ಬರಿಗೆ ಹಂಚಲು ಬರುವುದಿಲ್ಲ. ಮೂರು ವರ್ಷ ಇವರಿಗೆ ಕೊಟ್ಟೆ.

ಅಜ್ಜಿಗೆ ಎಲ್ಲ ಅರ್ಥವಾಗಿತ್ತು. ತಲೆ ಬಿದ್ದಿಲ್ಲ ಎಂದು ನಾನೇ ಹೇಳಿದ್ದೆನಲ್ಲ. ಅವಳ ಬಲಗೈ ನನ್ನ ಸೆರಗು ಹಿಡಿದುಕೊಂಡಿತ್ತು. ಒಂದೊಂದೇ ಬೆರಳು ಬಿಡಿಸಿದೆ. ಬಲವಾದ ಬೆರಳು. ಐದೂ ಬಿಡಿಸುವಷ್ಟರಲ್ಲಿ ನನ್ನ ಕಣ್ಣು ಮಂಜಾಗಿತ್ತು. ಕೈಯನ್ನು ತಂದು ಅಕ್ಕನ ಕೈ ಮೇಲೆ ಇಟ್ಟೆ. ಅಕ್ಕ ಅದನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ಹಾಗೆಯೇ ನಿಂತಳು.

"ಎಂಟಕ್ಕೆ ಔಷಧಿ" ಅಂದೆ. "ಬಿಳಿಯದನ್ನ ಪುಡಿ ಮಾಡಿ ಕೊಡಿ. ಗಂಟಲಿಗೆ ಸಿಕ್ಕಿಕೊಳ್ಳುತ್ತೆ."

ಗೂಟದಲ್ಲಿದ್ದ ನನ್ನ ಚೀಲ ತೆಗೆದುಕೊಂಡೆ. ಕೋಣೆ ದಾಟಿದೆ, ಹಾಲ್ ದಾಟಿದೆ. ಬಾಗಿಲು ಹಾಕಲಿಲ್ಲ. ಮೆಟ್ಟಿಲಿಳಿಯುವಾಗ ಹಿಂದಿನಿಂದ ಅಕ್ಕ ಕೂಗಿದಳು. "ನಾಳೆ ಬರ್ತೀಯ ನೀನು! ಬಂದೇ ಬರ್ತೀಯ! ನಿನ್ನನ್ನ ಬೇರೆ ಯಾರು ಕರೀತಾರೆ?"

ಬೀದಿಯಲ್ಲಿ ಇನ್ನೂ ಬೆಳಕಿತ್ತು. ಆ ಹೊತ್ತಿನಲ್ಲಿ ಎಲ್ಲರೂ ನನ್ನ ಎದುರಿನಿಂದ ಮನೆಗೆ ಹೋಗುವುದನ್ನು ಮೂರು ವರ್ಷ ನೋಡಿದ್ದೆ. ಅವತ್ತು ನಾನೂ ಅವರು ಹೋಗುವ ಕಡೆಗೇ ತಿರುಗಿದೆ. ಯಾರೂ ನನ್ನನ್ನು ನೋಡಲಿಲ್ಲ. ನನ್ನ ಕೋಣೆಯಲ್ಲಿ ಯಾರೂ ಕಾಯುತ್ತಿರಲಿಲ್ಲ. ಮಂಗಳವಾರ ಸಮಿತಿಯವರು ಏನು ಬರೆಯುತ್ತಾರೋ ಗೊತ್ತಿರಲಿಲ್ಲ. ಆದರೂ ನಡೆದೆ. ಬೀಗ ತೆಗೆದು, ದೀಪ ಹಾಕಿ, ಬಾಗಿಲು ತೆರೆದಿಟ್ಟು ಕೂತೆ. ಯಾವ ರಾತ್ರಿ ಬೇಕಾದರೂ ಬಂದು ನೋಡಿಕೊಳ್ಳಲಿ.

ಅಜ್ಜಿಯ ಮನೆಯ ಮೆಟ್ಟಿಲನ್ನು ಮತ್ತೆ ಹತ್ತಲಿಲ್ಲ.